ಕೊಡಗಿನ ಡೈಕ್ ಕಲ್ಲು: ಮ್ಯಾಂಟಲ್ ಮೂಲ ಹೇಳುವ ಮೊದಲು

ಕೊಡಗಿನ ಕಪ್ಪು ಡೈಕ್‌ಗಳ ಮೇಲೆ ಕೆಲಸ ಶುರುಮಾಡುವವರಿಗೆ ನಾವು ಮೊದಲು ಹೇಳುವ ಮಾತು: ಶಿಲಾರಸ ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಪದರ) ಬಿಟ್ಟು ಬರುವಾಗ ಕವಚದ, ಅಂದರೆ ಹೊರಪದರದ, ಕಲ್ಲು ಬೆರೆಯಿತೇ ಎಂದು ನೋಡುವ ನಿಯೋಬಿಯಂ-ಯುರೇನಿಯಂ ಅನುಪಾತ ಚೆನ್ನಾಗಿ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ.

ಡೈಕ್ ಅಂದರೆ ಶಿಲಾರಸ ಮೇಲೇರುವಾಗ ಬಿರುಕಿನಲ್ಲೇ ಹೆಪ್ಪುಗಟ್ಟಿದ ಡಾಲರೈಟ್. ರಸಾಯನ ಬಸಾಲ್ಟಿನದೇ, ಹಾಗಾಗಿ ಅದೇ ಲೆಕ್ಕಗಳು ಇಲ್ಲಿಗೂ ಬರುತ್ತವೆ. ಸಾಗರದ ಬಸಾಲ್ಟ್‌ಗಳಲ್ಲಿ ಈ ಅನುಪಾತ 47ರ ಆಸುಪಾಸು, ಭೂಖಂಡದ ಕವಚದಲ್ಲಿ ಸುಮಾರು 6. ನಿಯೋಬಿಯಂ 10 ಪಿಪಿಎಂ, ಯುರೇನಿಯಂ 0.21 ಪಿಪಿಎಂ ಇರುವ ರಸಕ್ಕೆ ಶೇ 10ರಷ್ಟು ಮೇಲ್ಕವಚ (ನಿಯೋಬಿಯಂ 12, ಯುರೇನಿಯಂ 2.7) ಬೆರೆತರೆ ಅನುಪಾತ 48ರಿಂದ 22ಕ್ಕೆ ಕುಸಿಯುತ್ತದೆ. ಬೆರಕೆ ತಕ್ಷಣ ಗೊತ್ತಾಗುತ್ತದೆ.

ಆದರೆ ಕೊಡಗಿನಲ್ಲಿ ಡೈಕ್ ಕೊರೆದುಕೊಂಡು ಬಂದಿರುವುದು ಚಾರ್ನೊಕೈಟ್ ಮತ್ತು ನೈಸ್‌ಗಳನ್ನು. 300 ಕೋಟಿ ವರ್ಷದಷ್ಟು ಹಳೆಯ, ಆಳದಲ್ಲಿ ಬೆಂದ ಕಲ್ಲು ಅದು. ಹಾಗೆ ಬೇಯುವಾಗ ಯುರೇನಿಯಂ, ರುಬಿಡಿಯಂ ಸಾಮಾನ್ಯವಾಗಿ ಹೊರಟುಹೋಗಿರುತ್ತವೆ. ಕೆಳಕವಚದ ಸರಾಸರಿ ಹಾಕಿ (ನಿಯೋಬಿಯಂ 5, ಯುರೇನಿಯಂ 0.2) ಅದೇ ಶೇ 10 ಬೆರೆಸಿ ನೋಡಿ: ಉತ್ತರ 45. ಬೆರಕೆ ಆಗಿದೆ, ಪರೀಕ್ಷೆ ಮಾತ್ರ ಪಾಸು! ಕ್ಷಯಿಸಿ ಸ್ಟ್ರಾನ್ಷಿಯಂ ಆಗುವ ರುಬಿಡಿಯಂ ಇಲ್ಲದ ಕಾರಣ ಸ್ಟ್ರಾನ್ಷಿಯಂ ಐಸೊಟೋಪ್ ಅನುಪಾತವೂ ಜೋರಾಗಿ ಏರುವುದಿಲ್ಲ. ಇನ್ನೂ ದೊಡ್ಡ ಅಪಾಯವೆಂದರೆ, ಹಳೆಯ ಕೆಳಕವಚದ ತಗ್ಗಿದ ನಿಯೋಡೈಮಿಯಂ, ತಗ್ಗಿದ ಸೀಸದ ಐಸೊಟೋಪ್ ಅನುಪಾತಗಳು ಪಿಟ್‌ಕೇರ್ನ್ ದ್ವೀಪದ ಬಸಾಲ್ಟ್‌ಗಳಲ್ಲಿ ಕಾಣುವ ಇಎಂ-1 (ಸಮೃದ್ಧ ಮ್ಯಾಂಟಲ್‌ನ ಒಂದು ಬಗೆ) ಗುರುತಿನ ಹಾಗೇ ಕಾಣುತ್ತವೆ. ದಾರಿಯಲ್ಲಿ ಹತ್ತಿಕೊಂಡ ಕಲ್ಲನ್ನು ಆಳದ ಮೂಲವೆಂದು ಬರೆದುಬಿಡುವುದು ಇಲ್ಲೇ.

ಅದಕ್ಕೆ ಒಂದು ಡೈಕಿಗೆ ಒಂದೇ ಮಾದರಿ ತರಬಾರದು. ಬೇಗ ತಣಿದ ಸಣ್ಣ ಕಣದ ಅಂಚು, ನಡು, ಇವೆರಡರ ಮಧ್ಯೆ ಒಂದು, ಜೊತೆಗೆ ಪಕ್ಕದ ಚಾರ್ನೊಕೈಟೂ ಬೇಕು. ಬಹಳ ಜನ ಬಿಟ್ಟುಬರುವುದು ಆ ಪಕ್ಕದ ಕಲ್ಲನ್ನೇ. ಅದಿಲ್ಲದಿದ್ದರೆ ಬೆರಕೆಯ ಲೆಕ್ಕಕ್ಕೆ ಪುಸ್ತಕದ ಸರಾಸರಿಯೇ ಗತಿ.

ಈ ಮಳೆಯ ನಾಡಿನಲ್ಲಿ ಶಿಥಿಲವಾಗದ ಕಲ್ಲು ಸಿಗುವುದೇ ಕಷ್ಟ. ಬಂಡೆ ಈರುಳ್ಳಿಯಂತೆ ಪದರ ಬಿಡುತ್ತದೆ. ಕಂದು ಸಿಪ್ಪೆಯನ್ನೆಲ್ಲ ಒಡೆದು ಒಳಗಿನ ನೀಲಿಗಪ್ಪು ತಿರುಳಿಗೆ ಹೋಗಬೇಕು. ಸುತ್ತಿಗೆ ಬಿದ್ದಾಗ ಖಣ್ ಎಂದರೆ ಸರಿ, ದಬ್ ಎಂದರೆ ಬಿಟ್ಟುಬಿಡಿ. ತಿರುಳು ಎರಡು ಮೂರು ಕೆಜಿ ಸಾಕು. ಕಾಫಿ ತೋಟದೊಳಗಿನ ಬಂಡೆಯಾದರೆ ಇನ್ನೊಂದು ತೊಡಕು: ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದ ಕಡೆ ಮೇಲ್ಮೈಗೆ ತಾಮ್ರ ಹತ್ತಿರುತ್ತದೆ, ಸುಣ್ಣದಿಂದ ಸ್ಟ್ರಾನ್ಷಿಯಂ, ರಾಕ್ ಫಾಸ್ಫೇಟಿನಿಂದ ಯುರೇನಿಯಂ. ಬಿರುಕಿರುವ ಚೂರನ್ನು ತೆಗೆದುಕೊಳ್ಳಲೇಬೇಡಿ. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ದೇವರಕಾಡಿನಲ್ಲಿ, ಕೈಮಡದ (ಕೊಡವರ ಹಿರಿಯರ ಗುಡಿ) ಹತ್ತಿರ ಸುತ್ತಿಗೆ ಎತ್ತಬೇಡಿ, ಕಲ್ಲು ಎಷ್ಟೇ ಚೆನ್ನಾಗಿರಲಿ.

ಲ್ಯಾಬಿನಲ್ಲಿ ಗರಗಸದ ಗುರುತನ್ನು ಉಜ್ಜಿ ತೆಗೆದು, ಅಗೇಟ್ ಗಿರಣಿಯಲ್ಲೇ 200 ಮೆಷ್‌ಗೆ ಪುಡಿ ಮಾಡಿ. ಟಂಗ್‌ಸ್ಟನ್ ಕಾರ್ಬೈಡ್ ಗಿರಣಿ ಬೇಗ ಅರೆಯುತ್ತದೆ ನಿಜ, ಆದರೆ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಮ್, ಕೆಲವೊಮ್ಮೆ ನಿಯೋಬಿಯಂ ಕೂಡ ಬಿಡುತ್ತದೆ. ನಾವು ನಂಬುವ ಧಾತುವೇ ಕೆಡುತ್ತದೆ. 1000 ಡಿಗ್ರಿಯಲ್ಲಿ ಸುಟ್ಟಾಗ ತೂಕ ಶೇ 2ಕ್ಕಿಂತ ಹೆಚ್ಚು ಇಳಿದರೆ ಕಲ್ಲು ಕೆಟ್ಟಿರಬಹುದು, ತೆಳುಛೇದವನ್ನು (ಬೆಳಕು ಹಾಯುವಷ್ಟು ತೆಳುವಾಗಿ ಅರೆದ ಕಲ್ಲಿನ ಹಾಳೆ) ಮತ್ತೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ. 50 ಮಿಲಿಗ್ರಾಂ ಪುಡಿಯನ್ನು ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ, ಮುಚ್ಚಿದ ಟೆಫ್ಲಾನ್ ಕುಪ್ಪಿಯಲ್ಲಿ ಎರಡು ದಿನ ಬಿಸಿ ಮಾಡಿ, ಒಣಗಿಸಿ, ನೈಟ್ರಿಕ್ ಹಾಕಿ ಮತ್ತೆ ಮತ್ತೆ ಒಣಗಿಸಬೇಕು. ಇಲ್ಲದಿದ್ದರೆ ಫ್ಲೋರೈಡ್ ಗಷ್ಟು ತಳದಲ್ಲಿ ಕೂತು ಲ್ಯಾಂಥನಮ್, ಥೋರಿಯಂ ಕಡಿಮೆ ತೋರಿಸುತ್ತದೆ. ಚಾರ್ನೊಕೈಟಿಗೆ ಇದು ಸಾಲದು, ಅದರ ಜಿರ್ಕಾನ್ ಕರಗಲು ಒತ್ತಡದ ಬಾಂಬ್ (ಹೆಚ್ಚು ಒತ್ತಡ ತಾಳುವ ಮುಚ್ಚಿದ ಪಾತ್ರೆ) ಬೇಕು. ಹೈಡ್ರೋಫ್ಲೋರಿಕ್ ಮೈಗೆ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಲ್ಲಿ ಇರಲಿ. ಪ್ರತಿ ಬ್ಯಾಚಿನ ಜೊತೆ ಖಾಲಿ ಕುಪ್ಪಿಯೊಂದು, ಹವಾಯಿಯ ಬಿಎಚ್‌ವಿಒ-2 ಮಾನಕ ಪುಡಿಯೊಂದು ಹೋಗಲೇಬೇಕು.

ಫಲಿತಾಂಶ ಬಂದ ಮೇಲೆ ಮೊದಲ ನಕ್ಷೆ ನಿಯೋಬಿಯಂ-ಲ್ಯಾಂಥನಮ್ ಅನುಪಾತದ್ದು, ಮೆಗ್ನೀಸಿಯಂ ಆಕ್ಸೈಡಿಗೆ ಎದುರಾಗಿ. ಬೆಂದ ಕಲ್ಲಿನಲ್ಲೂ ಲ್ಯಾಂಥನಮ್ ಉಳಿದಿರುತ್ತದೆ, ಅದಕ್ಕೇ ಅದರ ಮೇಲೆ ಭರವಸೆ. ಕೆಳಕವಚದಲ್ಲಿ ಈ ಅನುಪಾತ ಸುಮಾರು 0.6. ಅದೇ ಡೈಕಿನಲ್ಲಿ ಮೆಗ್ನೀಸಿಯಂ ಇಳಿದಂತೆಲ್ಲ ಇದೂ ಇಳಿಯುತ್ತ, ಜೊತೆಗೆ ನಿಯೋಡೈಮಿಯಂ ಐಸೊಟೋಪ್ ಅನುಪಾತ ಪಕ್ಕದ ಕಲ್ಲಿನ ಕಡೆ ಸರಿಯುತ್ತಿದ್ದರೆ ಅದು ಕವಚದ ಬೆರಕೆ. ಎರಡೂ ಕಲ್ಲಿನ ನಿಯೋಡೈಮಿಯಂ ಅನ್ನು ಡೈಕಿನ ವಯಸ್ಸಿಗೇ ಹಿಂದಕ್ಕೆ ಲೆಕ್ಕ ಹಾಕಿ ಹೋಲಿಸಬೇಕು, ಇಂದಿನ ಅನುಪಾತವನ್ನಲ್ಲ.

ಗ್ಯಾಡೊಲಿನಿಯಂ-ಇಟರ್ಬಿಯಂ ಅನುಪಾತ ಏರಿದ್ದರೆ ಕರಗುವಾಗ ಗಾರ್ನೆಟ್ ಉಳಿದಿತ್ತು, ಅಂದರೆ ಸುಮಾರು 80 ಕಿಮೀಗಿಂತ ಕೆಳಗೆ. ಅದು ಕರಗಿದ ಆಳ ಮಾತ್ರ. ವಸ್ತು ಎಷ್ಟು ಕೆಳಗಿನಿಂದ ಬಂತೆಂದು ಹೇಳುವುದಿಲ್ಲ. ಹೀಲಿಯಂ-3 ಹೇಳಬಲ್ಲದು, ಆದರೆ ಎಳೆಯ ಲಾವಾದ ಆಲಿವಿನ್‌ನಲ್ಲಿ. ಇಷ್ಟು ಹಳೆಯ ಡೈಕಿನಲ್ಲಿ ಯುರೇನಿಯಂ, ಥೋರಿಯಂ ಕ್ಷಯಿಸಿ ಹುಟ್ಟಿದ ಹೀಲಿಯಂ-4 ಅದನ್ನು ಮುಚ್ಚಿಹಾಕಿರುತ್ತದೆ. ಹಾಗಾಗಿ ನಿಯೋಬಿಯಂ-ಲ್ಯಾಂಥನಮ್ ಅನುಪಾತ ಮೆಗ್ನೀಸಿಯಂ ಜೊತೆ ಇಳಿಯದೆ ನಿಂತ ಮಾದರಿಗಳನ್ನಷ್ಟೇ ಆರಿಸಿ, ಸೀಸದ ಐಸೊಟೋಪಿಗೆ ಕಳಿಸುತ್ತೇವೆ.