ಸೀಮಂತದ ದಿನ ಗೋಡೆ ಹಿಡಿಯದೆ ಎದ್ದೆ

ಏಳನೇ ತಿಂಗಳಲ್ಲಿ ಸೀಮಂತ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಎರಡು ಗಂಟೆ ಹಸೆಮಣೆ ಮೇಲೆ ಕೂತು ಎದ್ದೆ. ಎಡಗಾಲು ಜೋಮು ಹಿಡಿದಿರಲಿಲ್ಲ. ನಾಲ್ಕು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಜೊತೆ ಬದುಕುತ್ತಿರುವವಳಿಗೆ ಇದು ಸಣ್ಣ ವಿಷಯ ಅಲ್ಲ. ಎದ್ದ ಕೂಡಲೇ ಗೋಡೆ ಹುಡುಕುವ ನನ್ನ ಕೈ ಅವತ್ತು ಸೀರೆ ನೆರಿಗೆ ಸರಿಮಾಡುತ್ತಿತ್ತು. "ಬಸಿರು ನಿನಗೆ ಒಗ್ಗಿದೆ ಕಣೇ" ಅಂದರು ಅತ್ತೆ.

ನಿಜ, ಒಗ್ಗಿತ್ತು. ಯಾಕೆ ಅಂತ ಆಮೇಲೆ ತಿಳಿಯಿತು.

ಎಂಎಸ್ ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮದೇ ನರಗಳ ಮೇಲಿನ ಮೈಲಿನ್ ಪದರವನ್ನು ಕಿತ್ತು ಹಾಕುವುದು. ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ಈಗ ಅದೇ ವ್ಯವಸ್ಥೆಯ ಎದುರಿಗೆ ಒಂದು ಮಗು ಬಂತು. ಅದರ ಅರ್ಧ ಜೀನ್‌ಗಳು ಅಪ್ಪನವು, ಅಂದರೆ ಲೆಕ್ಕದಲ್ಲಿ ಹೊರಗಿನವು. ಬೇರೆಯವರ ಕಿಡ್ನಿ ಹಾಕಿದರೆ ತಿರಸ್ಕರಿಸುವ ಮೈ, ಒಂಬತ್ತು ತಿಂಗಳು ಇದನ್ನು ಹೇಗೆ ಸಹಿಸುತ್ತೆ? ಪೀಟರ್ ಮೆಡಾವರ್ ಎಂಬ ವಿಜ್ಞಾನಿ 1953ರಲ್ಲೇ ಈ ಪ್ರಶ್ನೆ ಎತ್ತಿದ್ದರು. ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ, ಆದರೆ ದಾರಿ ಗೊತ್ತಾಗಿದೆ. ರೋಗನಿರೋಧಕ ಶಕ್ತಿ ಆಫ್ ಆಗುವುದಿಲ್ಲ, ಸ್ವಭಾವ ಬದಲಾಯಿಸುತ್ತದೆ. ಉರಿಯೂತ ಹಚ್ಚುವ ಟಿ ಸೆಲ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಜೋರು ತಗ್ಗುತ್ತದೆ, ಜಗಳ ಬಿಡಿಸುವ ರೆಗ್ಯುಲೇಟರಿ ಟಿ ಸೆಲ್‌ಗಳ ಕೈ ಮೇಲಾಗುತ್ತದೆ. ಇದರಲ್ಲಿ ಎಸ್ಟ್ರಿಯಾಲ್ ಎಂಬ ಹಾರ್ಮೋನಿನ ಪಾಲೂ ಇದೆ ಅನ್ನುತ್ತಾರೆ. ಬಸಿರಿನಲ್ಲಿ ಮಗು ಮತ್ತು ಮಾಸು ಸೇರಿ ಅದನ್ನು ರಾಶಿ ರಾಶಿ ತಯಾರಿಸುತ್ತವೆ, ಕೊನೆಯ ತಿಂಗಳುಗಳಲ್ಲಂತೂ ತುಂಬಾ ಜಾಸ್ತಿ. ಮಗುವನ್ನು ಕಾಯಲು ಮಾಡಿದ ಏರ್ಪಾಡು ಇದು. ನನ್ನ ನರಗಳಿಗೆ ಸಿಕ್ಕಿದ್ದು ಪುಕ್ಕಟೆ ಲಾಭ, ಅಷ್ಟೇ.

ನನ್ನ ನ್ಯೂರಾಲಜಿಸ್ಟ್ ಒಂದು ಚೀಟಿಯ ಹಿಂದೆ ಕೆಲವು ಸಂಖ್ಯೆ ಬರೆದು ತೋರಿಸಿದ್ದರು. 1998ರಲ್ಲಿ ಬಂದ ಅಧ್ಯಯನ, ಯುರೋಪಿನ 12 ದೇಶಗಳ 254 ಹೆಂಗಸರು, 269 ಬಸಿರು. ಬಸಿರಿಗೆ ಮುಂಚೆ ಒಬ್ಬರಿಗೆ ವರ್ಷಕ್ಕೆ ಸರಾಸರಿ 0.7 ರಿಲ್ಯಾಪ್ಸ್, ಅಂದರೆ ರೋಗ ಮತ್ತೆ ಕೆರಳುವುದು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಆ ದರ 0.2. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2. ಆಮೇಲೆ ಮತ್ತೆ ಮೊದಲಿನಷ್ಟೇ. ಕೊನೆಗೆ ಬರೆದ 1.2ರ ಸುತ್ತ ಪೆನ್ನಲ್ಲಿ ಎರಡು ಸಲ ಗೋಲ ಎಳೆದಿದ್ದರು. ನಾನು ಆ ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟು ಮರೆತೆ. 0.2ರ ಖುಷಿಯಲ್ಲಿದ್ದೆ, ಅಲ್ವಾ.

(ಒಂದು ಮಾತು. ಈ ಲೆಕ್ಕ ಎಲ್ಲರಿಗೂ ಹೊಂದಲ್ಲ. ಫಿಂಗೋಲಿಮಾಡ್ ಅಥವಾ ನಟಾಲಿಜುಮ್ಯಾಬ್ ಎಂಬ ಎಂಎಸ್ ಔಷಧಿ ತಗೊಳ್ಳುತ್ತಿದ್ದು ನಿಲ್ಲಿಸಿದವರಿಗೆ ಬಸಿರಿನ ಮಧ್ಯದಲ್ಲೇ ಜೋರಾಗಿ ರಿಲ್ಯಾಪ್ಸ್ ಆಗಬಹುದು. ಮಗು ಬೇಕು ಅನ್ನಿಸಿದ ದಿನವೇ ಡಾಕ್ಟರ್ ಹತ್ತಿರ ಮಾತಾಡಿ, ಟೆಸ್ಟ್ ಪಾಸಿಟಿವ್ ಬಂದ ಮೇಲಲ್ಲ.)

ಹೆರಿಗೆ ಆಯಿತು, ಮಾಸು ಬಿತ್ತು, ಹಾರ್ಮೋನುಗಳು ಕೆಲವೇ ದಿನದಲ್ಲಿ ನೆಲ ಕಚ್ಚಿದವು. ಇತ್ತ ಅಮ್ಮನ ಮನೆಯಲ್ಲಿ ಬಾಣಂತನ ಶುರು. ಬಾಗಿಲು ಕಿಟಕಿ ಬಂದ್, ಫ್ಯಾನ್ ಇಲ್ಲ, ತಲೆಗೆ ಹರಳೆಣ್ಣೆ, ಹಂಡೆಯಲ್ಲಿ ಹೊಗೆಯಾಡುವ ನೀರು. ಹನ್ನೊಂದನೇ ದಿನ ಅಮ್ಮ ಬೆನ್ನಿಗೆ ಚೊಂಬು ಚೊಂಬು ಸುರಿಯುತ್ತಿದ್ದಾಗ ಬಲಗಣ್ಣಿನ ಎದುರು ಬಚ್ಚಲ ಗೋಡೆ ನಿಧಾನಕ್ಕೆ ಮಾಸಿಹೋಯಿತು. ಮೊದಲು ಹಸಿರು ಸೋಪಿನ ಪೆಟ್ಟಿಗೆ ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ಕಾಣಿಸಲೇ ಇಲ್ಲ. ನನ್ನ ಮೊದಲ ಅಟ್ಯಾಕ್ ಆಗಿದ್ದು ಅದೇ ಕಣ್ಣಿಗೆ. ಕೂಗಿಕೊಂಡೆ. ಅಮ್ಮ ಚೊಂಬು ಬಿಸಾಕಿ ಹೊರಗೆ ಕರೆತಂದಳು. ಫ್ಯಾನ್ ಕೆಳಗೆ ಅರ್ಧ ಗಂಟೆ ಕೂತ ಮೇಲೆ ಸೋಪಿನ ಪೆಟ್ಟಿಗೆ ಮತ್ತೆ ಹಸಿರಾಯಿತು.

ಇದಕ್ಕೆ ಊಟ್‌ಹಾಫ್ ಅಂತ ಹೆಸರು, 1890ರಲ್ಲಿ ಗುರುತಿಸಿದ ಜರ್ಮನ್ ಕಣ್ಣಿನ ಡಾಕ್ಟರ್ ಹೆಸರು. ಮೈಲಿನ್ ಸುಲಿದ ನರ, ಮೈ ಬಿಸಿಯಾದರೆ ಸಿಗ್ನಲ್ ಬಿಟ್ಟುಬಿಡುತ್ತದೆ, ತಣಿದರೆ ಮತ್ತೆ ಹಿಡಿಯುತ್ತದೆ. ಹೊಸ ಗಾಯ ಏನೂ ಆಗಿರುವುದಿಲ್ಲ. ಲಕ್ಷಣ 24 ಗಂಟೆಗಿಂತ ಜಾಸ್ತಿ ಉಳಿದರೆ ಮಾತ್ರ ರಿಲ್ಯಾಪ್ಸ್ ಇರಬಹುದು ಅಂತ ಯೋಚಿಸಬೇಕು.

ಅದು ಗೊತ್ತಿದ್ದೂ ಐದನೇ ವಾರ ನಾನೇ ಮೋಸ ಹೋದೆ. ಪಾದದಿಂದ ಶುರುವಾದ ಮರಗಟ್ಟುವಿಕೆ ಸೊಂಟದವರೆಗೆ ಏರಿತು. ಕಾಲ ಮೇಲೆ ಮಗು ಮಲಗಿಸಿದರೆ ಅದರ ಭಾರ ಗೊತ್ತಾಗುತ್ತಿತ್ತು, ಅದರ ಬಿಸಿ ಗೊತ್ತಾಗುತ್ತಿರಲಿಲ್ಲ. "ಬಾಣಂತಿ ನಿಶ್ಶಕ್ತಿ, ಮೆಂತ್ಯದ ಗಂಜಿ ಕುಡಿ" ಅಂದರು ಮನೆಯವರು. ಹೆರಿಗೆ ಆಸ್ಪತ್ರೆಗೆ ಫೋನ್ ಮಾಡಿದರೆ, ಚೆಕಪ್‌ಗೆ ಬಂದಾಗ ನೋಡೋಣ, ಇದೆಲ್ಲ ಇದ್ದದ್ದೇ ಅಂದರು. ಹತ್ತು ದಿನ ಹೋಯಿತು. ಡೈಪರ್ ತರಲು ದುಡ್ಡು ತೆಗೆಯುವಾಗ ಪರ್ಸಿನಿಂದ ಆ ಚೀಟಿ ಬಿತ್ತು, ಎರಡು ಗೋಲದ 1.2. ಅವತ್ತೇ ಸಂಜೆ ನ್ಯೂರಾಲಜಿಸ್ಟ್ ಹತ್ತಿರ ಹೋದೆ. ಮೂರು ದಿನ ಸ್ಟೀರಾಯ್ಡ್ ಡ್ರಿಪ್. ಡ್ರಿಪ್ ಮುಗಿದ ಮೇಲೆ ನಾಲ್ಕು ಗಂಟೆ ಬಿಟ್ಟು ಹಾಲು ಕೊಡಿ ಅಂದರು. ಹಾಲು ನಿಲ್ಲಿಸಬೇಕೇನೋ ಅಂತ ಹೆದರಿದ್ದೆ, ಆದರೆ ಬರೀ ಎದೆಹಾಲು ಕುಡಿಸುವವರಲ್ಲಿ ರಿಲ್ಯಾಪ್ಸ್ ಕಡಿಮೆ ಅಂತ ಕಂಡಿದೆಯಂತೆ. ಮೂರು ವಾರದಲ್ಲಿ ಮಗುವಿನ ಬಿಸಿ ತೊಡೆಗೆ ತಟ್ಟಿತು.

ಎರಡನೇದರ ಯೋಚನೆ ಇದೆ. ಈ ಸಲ ಹೆರಿಗೆಯಾದ ಮೇಲೆ ಔಷಧಿ ಯಾವಾಗ ಶುರು ಮಾಡಬೇಕು ಅಂತ ಮೊದಲೇ ಬರೆಸಿಕೊಳ್ಳುತ್ತೇನೆ. ಅಮ್ಮ ಈಗಲೇ ಬಚ್ಚಲಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿದ್ದಾಳೆ. ಅದು ಗಾಳಿಯ ಬಿಸಿ ತೋರಿಸುತ್ತೆ, ನೀರಿನದಲ್ಲ ಅಂತ ಇನ್ನೂ ಹೇಳಿಲ್ಲ.