ಟೊರಾಂಟೊದಲ್ಲಿ ಸಿಕ್ಕ ಬೈಲಕುಪ್ಪೆ ಅಕ್ಕ

ಟೊರಾಂಟೊಗೆ ಬಂದ ಮೊದಲ ಚಳಿಗಾಲ ಅದು. ಕ್ವೀನ್ ಸ್ಟ್ರೀಟಿನ 501 ನಂಬರ್ ಟ್ರಾಮಿನಲ್ಲಿ ಹೋಗುತ್ತಿದ್ದೆ. ಕಿಟಕಿಯಾಚೆ ಸಾಲಾಗಿ ಕಟ್ಟಿದ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಾವುಟಗಳು ಕಂಡವು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಆ ಏರಿಯಾ ಪಾರ್ಕ್‌ಡೇಲ್, ಜನ ಅದನ್ನು 'ಲಿಟಲ್ ಟಿಬೆಟ್' ಅಂತಾರೆ ಅಂತೆಲ್ಲ ಆಮೇಲೆ ಗೊತ್ತಾಯಿತು. ಕುಶಾಲನಗರದವಳು ನಾನು. ನನ್ನ ಮಟ್ಟಿಗೆ ಅದು ಕಾವೇರಿ ಸೇತುವೆ ದಾಟಿ, ಕೊಪ್ಪ ಕಳೆದು, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ತಿರುಗುವ ರಸ್ತೆ.

ಒಂದು ಪುಟ್ಟ ಮೊಮೊ ಅಂಗಡಿಗೆ ನುಗ್ಗಿದೆ. ಅಷ್ಟರಲ್ಲಿ ಅಮ್ಮನ ಫೋನ್. "ಹಾಕ್ಕೊಂಡಿದ್ದೀನಿ ಕಣಮ್ಮ, ಸ್ವೆಟರ್ ಹಾಕ್ಕೊಂಡೇ ಬಂದಿದ್ದೀನಿ" ಅಂದೆ. ಕೌಂಟರಿನ ಹಿಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಮೊ ಕಟ್ಟುತ್ತಿದ್ದರು. ಎಡಗೈಯಲ್ಲಿ ಹಿಟ್ಟಿನ ಹಾಳೆ, ಬಲಗೈ ಬೆರಳಲ್ಲಿ ಚಕಚಕ ನೆರಿಗೆ. ತಲೆ ಎತ್ತದೇ ಹೇಳಿದರು, "ಆ ಸ್ವೆಟರ್ ಸಾಕಾಗಲ್ಲಮ್ಮಾ, ಇಲ್ಲಿ ಚಳಿ ಜಾಸ್ತಿ."

ಕನ್ನಡದಲ್ಲಿ! ಅದೂ ಪಕ್ಕಾ ಪಿರಿಯಾಪಟ್ಟಣದ ಕಡೆಯ ರಾಗದಲ್ಲಿ.

"ಯಾವೂರು ಅಕ್ಕ?" ಅಂದೆ. "ಬೈಲಕುಪ್ಪೆ, ಒಂದನೇ ಕ್ಯಾಂಪ್." ಎರಡು ತಟ್ಟೆ ಮೊಮೊ ತಿಂದು ಒಂದೂವರೆ ಗಂಟೆ ಹರಟಿದೆ. ಏಳುವಾಗ ಅಕ್ಕ ದುಡ್ಡನ್ನು ಮಾತ್ರ ಪೂರ್ತಿ ಎಣಿಸಿಕೊಂಡರು. ಅಂಗಡಿಯವರ ಮಗಳಾದ ನನಗೆ ಅದು ಇಷ್ಟವಾಯಿತು.

ನಮ್ಮಪ್ಪನದು ದಿನಸಿ ಅಂಗಡಿ. ಉದ್ದರಿ ಪುಸ್ತಕದ ಅರ್ಧ ಪುಟಗಳು ಕ್ಯಾಂಪಿನವರವೇ. ದಲೈ ಲಾಮಾ ಅವರ ಹೆಸರಿನಿಂದಾಗಿ ಅಲ್ಲಿ ಮನೆಗೊಬ್ಬರಾದರೂ ತೆನ್ಜಿನ್ ಇರುತ್ತಾರೆ, ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಅಪ್ಪ ಬರೆದುಕೊಳ್ಳುತ್ತಿದ್ದುದು ಹೀಗೆ: ಕುಳ್ಳ ತೆನ್ಜಿನ್, ಟ್ರ್ಯಾಕ್ಟರ್ ತೆನ್ಜಿನ್, ಚಿನ್ನದ ಹಲ್ಲಿನ ತೆನ್ಜಿನ್. ಮುಸುಕಿನ ಜೋಳ ಕಟಾವಾದ ಮೇಲೆ ಅವರೆಲ್ಲ ಸ್ವೆಟರ್ ಮಾರಲು ದೂರದ ಪೇಟೆಗಳಿಗೆ ಹೊರಟುಬಿಡುತ್ತಿದ್ದರು. ಅವರ ಹೊಸ ವರ್ಷದ ಲೋಸಾರ್ ಹಬ್ಬದ ಹೊತ್ತಿಗೆ ವಾಪಸ್ ಬಂದು ಸಾಲ ಚುಕ್ತಾ ಮಾಡುತ್ತಿದ್ದರು. ಅಪ್ಪ ತಲೆ ಕೆಡಿಸಿಕೊಳ್ಳದೇ ಕೊಡುತ್ತಿದ್ದರು. ಹಾಗಂತ ನಮ್ಮವರೆಲ್ಲ ಅಪ್ಪನ ಹಾಗೇ ಇದ್ದರು ಅಂತಲ್ಲ. "ಅವರಿಗೆ ಸರ್ಕಾರ ಜಮೀನು ಕೊಡ್ತು, ನಮಗೇನು ಕೊಡ್ತು?" ಅನ್ನುವ ಮಾತನ್ನು ಅದೇ ಅಂಗಡಿಯ ಬೆಂಚಿನ ಮೇಲೆ ಎಷ್ಟೋ ಸಲ ಕೇಳಿದ್ದೇನೆ.

ಆ ಜಮೀನಿನ ಕಥೆ ಸರಿಯಾಗಿ ಗೊತ್ತಾಗಿದ್ದು ಇಲ್ಲಿ, ಅಕ್ಕನ ಬಾಯಲ್ಲಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರಲ್ಲ, ಅವರ ಹಿಂದೆಯೇ ಅಕ್ಕನ ಅಪ್ಪನೂ ಹಿಮಾಲಯ ದಾಟಿದವರು. ಮೊದಲು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿ. ಆಗ ನೆಹರೂ ರಾಜ್ಯಗಳನ್ನು ಜಾಗ ಕೇಳಿದ್ದರು. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಯಿಂದ ಜನ ಬರತೊಡಗಿದರು. ಜಮೀನು ಅಂದರೆ ಏನು, ಬರೀ ಕಾಡು. ಟೆಂಟಿನಲ್ಲಿ ಮಲಗುವುದು, ಹಗಲೆಲ್ಲ ಮರ ಕಡಿದು ಸುಡುವುದು, ರಾತ್ರಿ ಆನೆ ಬಂದರೆ ಡಬ್ಬ ಬಡಿಯುವುದು. ಚಳಿ ದೇಶದಿಂದ ಬಂದವರಿಗೆ ನಮ್ಮ ಬಿಸಿಲು ಬೇರೆ. "ಅಪ್ಪ ಆನೆಯನ್ನ ಮೊದಲು ನೋಡಿದ್ದೇ ಅಲ್ಲಿ. ಸಾಯೋವರೆಗೂ ಅವರಿಗೆ ಆನೆ ಅಂದ್ರೆ ಆಗ್ತಿರಲಿಲ್ಲ" ಅಂದರು ಅಕ್ಕ. ಪ್ರವಾಸಿಗರು ಈಗ ಬೈಲಕುಪ್ಪೆಯ ಬೌದ್ಧ ಮಠ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದುಕೊಂಡು ದುಬಾರೆಗೆ ಆನೆ ನೋಡಲು ಹೋಗುತ್ತಾರೆ!

ಅಕ್ಕ ಹುಟ್ಟಿದ್ದು 1974ರಲ್ಲಿ, ಕ್ಯಾಂಪಿನಲ್ಲೇ. ಆದರೂ ಕೈಯಲ್ಲಿದ್ದುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಅಂದರೆ ಆರ್‌ಸಿ, ಅದಕ್ಕೆ ಆಗಾಗ ರಿನ್ಯೂವಲ್. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಇಲ್ಲ, ಅದರ ಬದಲು ಐಡೆಂಟಿಟಿ ಸರ್ಟಿಫಿಕೇಟ್ ಅನ್ನುವ ಹಳದಿ ಪುಸ್ತಕ. ಏರ್‌ಪೋರ್ಟಿನ ಕೌಂಟರಿನಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರಂತೆ. ಅದನ್ನೇ ಹಿಡಿದು ನ್ಯೂಯಾರ್ಕ್‌ಗೆ ಬಂದರು, ಅಲ್ಲಿ ಕೆಲವು ವರ್ಷ ಮನೆಗೆಲಸ ಮಾಡಿದರು. ಆಮೇಲೆ ಬಫಲೋ ತನಕ ಬಸ್ಸು, ಗಡಿಯಲ್ಲಿ "ನಾನು ನಿರಾಶ್ರಿತೆ" ಅಂತ ಅರ್ಜಿ. ಹೀಗೆ ಕೆನಡಾ.

ತಮಾಷೆ ಅಂದರೆ, ನಮ್ಮ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತೆ ಅಂತ ದೆಹಲಿ ಹೈಕೋರ್ಟ್ ಹೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಅಕ್ಕ ಕೆನಡಾದ ಪ್ರಜೆ. "ಮೂವತ್ತು ವರ್ಷ ಇಂಡಿಯಾದವಳೇ ಆಗಿದ್ದೆನಂತೆ, ಯಾರೂ ಹೇಳಲೇ ಇಲ್ಲ ನೋಡು" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಅವರು ವಿದೇಶಿ. ವಿದೇಶಿಯರು ಹಗಲಲ್ಲಿ ಗೋಲ್ಡನ್ ಟೆಂಪಲ್ ನೋಡಿಕೊಂಡು ಬರಬಹುದು. ಕ್ಯಾಂಪಿನಲ್ಲಿ ರಾತ್ರಿ ಉಳಿಯಲು ಮಾತ್ರ ಗೃಹ ಇಲಾಖೆಯ ಪರ್ಮಿಟ್ ಬೇಕು. ಹುಟ್ಟಿದ ಮನೆಯಲ್ಲಿ ಮಲಗಲು ಪರ್ಮಿಟ್! ಹೋದ ಸಲ ಅದು ಟೈಮಿಗೆ ಬರದೇ ಕುಶಾಲನಗರದ ಲಾಡ್ಜಿನಲ್ಲಿ ಉಳಿದರಂತೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ.

ಕಳೆದ ಡಿಸೆಂಬರಿನಲ್ಲಿ ನಾನು ಊರಿಗೆ ಹೋದಾಗ ಅಣ್ಣನ ಸ್ಕೂಟರ್ ತಗೊಂಡು ಅವರ ಮನೆ ಹುಡುಕಿಕೊಂಡು ಹೋದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆ ಸಾಲಿನಲ್ಲಿ ನಾಲ್ಕು ಮನೆಗೆ ಬೀಗ. ಒಬ್ಬರು ಮಿನಿಯಾಪೊಲಿಸ್, ಒಬ್ಬರು ನ್ಯೂಯಾರ್ಕ್ ಅಂತ ಪಕ್ಕದ ಮನೆಯ ಅಜ್ಜಿ ಲೆಕ್ಕ ಒಪ್ಪಿಸಿದರು. ಅಂಗಳದ ಸೀಬೆ ಗಿಡ, ತಗಡಿನ ಮಾಡು, ಹಿಂದಿನ ಹೊಲ ಎಲ್ಲವನ್ನೂ ವಿಡಿಯೊ ಮಾಡಿ ಕಳಿಸಿದೆ.

ಅಕ್ಕ ಅಳಬಹುದು ಅಂದುಕೊಂಡಿದ್ದೆ. ಐದು ನಿಮಿಷಕ್ಕೆ ಫೋನ್ ಬಂತು.

"ಹೊಲದಲ್ಲಿ ಅದೇನು ಹಸಿರು? ಜೋಳ ಅಲ್ವಲ್ಲ?"

"ಶುಂಠಿ ಅಕ್ಕ. ಗುತ್ತಿಗೆಗೆ ತಗೊಂಡವರು ಹಾಕಿದ್ದಾರೆ."

"ಶುಂಠಿನಾ? ಮಣ್ಣು ಎಕ್ಕುಟ್ಟಿ ಹೋಗುತ್ತೆ! ಇನ್ನೂ ಅಲ್ಲೇ ಇದ್ದೀಯಲ್ಲ, ಆ ಗುತ್ತಿಗೆಯವನನ್ನ ಕರಿ, ಫೋನ್ ಕೊಡು ಅವನಿಗೆ."