ಕುಂಬಳಕಾಯಿ, ಬಾವಲಿ, ಮುಂದ ಯಾವುದು?

ಅಕ್ಟೋಬರ್ 31ರ ಹ್ಯಾಲೋವೀನ್ ನಮ್ಮ ಧಾರವಾಡ ಕಡೆಯ ಹಬ್ಬ ಅಲ್ಲ, ಖರೆ. ಆದರೆ ಕುಂಬಳಕಾಯಿ, ಬಾವಲಿ, ದೆವ್ವ ಅಂದರೆ ನಾಲ್ಕೈದು ವರ್ಷದ ಮಕ್ಕಳು ಕಣ್ಣರಳಿಸುತ್ತಾರೆ. ಪ್ಯಾಟರ್ನ್, ಅಂದರೆ ಒಂದೇ ಕ್ರಮ ಮತ್ತೆ ಮತ್ತೆ ಬರುವುದನ್ನು ಕಲಿಸಲು ಅಷ್ಟು ಸಾಕು.

ಕಿತ್ತಳೆ ಕಾಗದದಲ್ಲಿ 8 ಕುಂಬಳಕಾಯಿ, ಕಪ್ಪು ಕಾಗದದಲ್ಲಿ 12 ಬಾವಲಿ ಕತ್ತರಿಸಿ. ಎಲ್ಲವೂ ಸುಮಾರು 2 ಇಂಚು ಇರಲಿ. ಒಂದು ದೊಡ್ಡದು, ಒಂದು ಸಣ್ಣದು ಆದರೆ ಮಗು ಗಾತ್ರದ ಬೆನ್ನು ಹತ್ತುತ್ತದೆ.

ಕುಂಬಳ-ಬಾವಲಿ ಜೋಡಿಯನ್ನು ಎಡದಿಂದ ಬಲಕ್ಕೆ ಮೂರು ಸಲ ಇಟ್ಟು, ಬೆರಳಿಟ್ಟು ಜೋರಾಗಿ ಹೇಳಿಸಿ. ಆಮೇಲೆ ‘ಮುಂದ ಯಾವುದು?’ ಅನ್ನಿ. ಕುಂಬಳ-ಬಾವಲಿ-ಕುಂಬಳ ಅಂತ ಮೂರೇ ಇಟ್ಟು ಕೇಳಿದರೆ ಮುಂದೆ ಏನು ಬೇಕಾದರೂ ಬರಬಹುದು, ತಪ್ಪು ಮಗುವಿನದಲ್ಲ.

ಇದು ಕೈಗೆ ಹತ್ತಿದ ಮೇಲೆ ಕುಂಬಳ-ಬಾವಲಿ-ಬಾವಲಿ. ಎಡವುವುದು ಇಲ್ಲೇ. ಒಂದಾದ ಮೇಲೊಂದು ಎಂಬ ರೂಢಿಯಲ್ಲಿ ಎರಡನೇ ಬಾವಲಿಯನ್ನು ಹಾರಿಸಿಬಿಡುತ್ತಾರೆ. ಕೂಡಲೇ ತಿದ್ದಬೇಡಿ. ಪ್ರತಿ ಗುಂಪಿನ ಕೊನೆಗೆ ಒಂದು ಐಸ್‌ಕ್ರೀಮ್ ಕಡ್ಡಿ ಅಡ್ಡ ಇಡಿಸಿ. ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ನಡುವಿನದೊಂದನ್ನು ಬಟ್ಟಲಲ್ಲಿ ಮುಚ್ಚಿ ಕೇಳುವುದು ಅದರ ನಂತರ.

ಖರೆ ಪರೀಕ್ಷೆ ಎಂದರೆ ಅದೇ ಸಾಲನ್ನು ಹುಣಸೆಬೀಜ, ಕಡಲೆಯಲ್ಲಿ ಕಟ್ಟಿಸುವುದು. (ಮೂರು ವರ್ಷದೊಳಗಿನವರಿಗೆ ಬೀಜ ಬೇಡ, ಸೀದಾ ಬಾಯಿಗೆ ಹೋಗುತ್ತದೆ; ಒಂದು ಚಪ್ಪಾಳೆ, ಎರಡು ಸಲ ತೊಡೆ ತಟ್ಟುವುದು ಸಾಕು.) ಮನೆಯಲ್ಲಿ ಕಸೂತಿ ಸೀರೆ ಇದ್ದರೆ ಅಂಚನ್ನು ಹರಡಿ ತೋರಿಸಿ, ಯಾವ ಚಿತ್ರ ಮರಳಿ ಬಂತು ಎಂದು ಹುಡುಕಲಿ.

ದೆವ್ವವನ್ನು ಮೂರನೆಯದಾಗಿ ಕೊನೆಗೆ ಸೇರಿಸಿ, ನಗುಮುಖ ಬರೆದು. ಹೆದರಿದ ಮಗು ಸಾಲಿನ ಕಡೆ ನೋಡುವುದೇ ಇಲ್ಲ.